ಇಬ್ಬರು ಅಳಿಯಂದಿರು

"ಅಳಿಯಂದಿರೇ, ಆ ಟೇಪು ಸ್ವಲ್ಪ ಕೊಡಿ," ಎಂದರು ಟೈಲರ್ ಮಾಸ್ಟರು.

ಹೊಲಿಗೆ ಯಂತ್ರದ ಮುಂದಿದ್ದ ಹಳೆಯ ಅಳಿಯ ಕೊರಳಲ್ಲಿದ್ದ ಟೇಪಿಗೆ ಕೈಹಾಕಿದ. ಸೂಟು ಹೊಲಿಸಲು ಬಂದು ಕನ್ನಡಿಯೆದುರು ನಿಂತಿದ್ದ ಹೊಸ ಅಳಿಯ, "ಎಲ್ಲಿದೆ ಮಾವ?" ಎಂದು ಸುತ್ತ ಹುಡುಕಿದ. ಸ್ಟೂಲಿನ ಮೇಲಿದ್ದ ಮಗಳು ಬೀದಿಯ ಕಡೆ ಮುಖ ತಿರುಗಿಸಿದಳು.

ಅವಳಿಗೂ ಹಳೆಯವನಿಗೂ ಕೂಡಿಬರಲಿಲ್ಲ, ಅಷ್ಟೆ. ಹಾದಿರಂಪ ಬೀದಿರಂಪವೇನೂ ಆಗಿರಲಿಲ್ಲ. ಸಂಬಂಧ ಮುರಿದ ಮರುದಿನ ಅವನು ತನ್ನ ಕತ್ತರಿ ಸುತ್ತಿಕೊಂಡು ಹೊರಟಾಗ ಮಾಸ್ಟರು, "ಅವಳು ಬಿಟ್ಟಿದ್ದು. ನಾನೇನು ಬಿಟ್ಟೆನಾ? ಕೂತ್ಕೊಂಡು ಆ ಪ್ಯಾಂಟಿನ ಅಂಚು ಮುಗಿಸಿ," ಎಂದು ಗದರಿದ್ದರು. ಕೂತ. ಆಮೇಲೂ ಅವರ ಬಾಯಿಂದ 'ಅಳಿಯಂದಿರು' ಹೋಗಲಿಲ್ಲ. ಇವನ ಬಾಯಿಗೆ 'ಮಾವ' ಬರಲಿಲ್ಲ. ಕೆಮ್ಮಿ, "ಇಲ್ನೋಡಿ" ಎಂದೇ ದಿನ ದೂಡುತ್ತಿದ್ದ.

"ಅಪ್ಪಾ, ಅವರನ್ನ ಇನ್ನೂ ಹಾಗೇ ಕರೀತೀರಲ್ಲ," ಎಂದಳು ಮಗಳು.

"ಮತ್ತೇನಂತ ಕರೀಲಿ ತಾಯಿ? ನೀನೇ ಹೇಳು."

"ಇವರಿಗೆ ಒಂಥರಾ ಆಗುತ್ತೆ," ಎಂದಳು. ಯಾರಿಗೆ ಎಂದು ಯಾರಿಗೂ ತಿಳಿಯಲಿಲ್ಲ.

ಮಾಸ್ಟರ ಕೈ ಈಚೆಗೆ ನಡುಗುತ್ತಿತ್ತು. ಅಳತೆ ಹಳೆಯ ಅಳಿಯನೇ ತೆಗೆಯಬೇಕಾಯಿತು. ಎದೆಯ ಸುತ್ತ ಟೇಪು ಬಳಸುವಾಗ, ಒಂದು ಕಾಲದಲ್ಲಿ ತನ್ನ ಅಂಗಿಗಿದ್ದ ಸೋಪಿನ ವಾಸನೆಯೇ ಮೂಗಿಗೆ ಬಡಿಯಿತು. ಇವನ ಮೇಲೆ ಸಿಟ್ಟು ಬರಬೇಕಲ್ಲ ಎಂದು ಕಾದ. ಕಂಡದ್ದು ಎಡಭುಜ ತುಸು ಇಳಿದಿರುವುದು ಮಾತ್ರ.

"ಈ ಕಡೆ ಪ್ಯಾಡ್ ಇಡ್ತೀನಿ. ಗೊತ್ತೇ ಆಗಲ್ಲ," ಎಂದ. ಅಷ್ಟು ಮೆತ್ತಗೆ ಯಾಕೆ ಹೇಳಿದೆನೆಂದು ಅವನಿಗೇ ಅರ್ಥವಾಗಲಿಲ್ಲ.

ಗಂಡಹೆಂಡತಿ ಹೊರಟರು. ಮಾಸ್ಟರು ಬಟ್ಟೆ ತರಲು ಒಳಗೆ ಹೋದರು. ಅಷ್ಟರಲ್ಲಿ ಹೊಸ ಅಳಿಯ ಒಬ್ಬನೇ ಓಡಿಬಂದ.

"ಅಣ್ಣಾ, ತೋಳು ಸ್ವಲ್ಪ ಉದ್ದಾನೇ ಇರ್ಲಿ." ಆಮೇಲೆ ದನಿ ತಗ್ಗಿಸಿದ. "ಮಾವನ್ನ ನಮ್ಮ ಜೊತೆ ಬಂದಿರಿ ಅಂತ ಎಷ್ಟು ಕರೆದ್ರೂ ಒಪ್ತಿಲ್ಲ. 'ಅಂಗಡೀಲಿ ಅಳಿಯ ಒಬ್ಬನೇ ಆಗ್ತಾನೆ' ಅಂತಾರೆ. ನೀವು ಹೇಳಿದ್ರೆ ಕೇಳ್ತಾರೆ ಅಣ್ಣಾ."

"ಹೇಳ್ತೀನಿ."

ಮಾಸ್ಟರು ಹೊರಬಂದರು. "ಏನಂತೆ?"

"ತೋಳು ಉದ್ದ ಬೇಕಂತೆ," ಎಂದ.

ಮೇಜಿನ ಮೇಲೆ ಸೂಟಿನ ಬಟ್ಟೆ ಹಾಸಿದರು. ಆ ತುದಿಯನ್ನು ಅವರು ಹಿಡಿದರು, ಈ ತುದಿಯನ್ನು ಇವನು. ಎಷ್ಟು ಎಳೆದರೂ ನಡುವಿನ ಒಂದು ಸುಕ್ಕು ಹೋಗಲಿಲ್ಲ. ಇಬ್ಬರೂ ಎಳೆಯುತ್ತಲೇ ಇದ್ದರು.