ಸಾಂಬ್ರಾಣಿ ಮರಗಳ ನಕ್ಷೆ

ನೀಲಾಂಬಿಕಾ ಹುಬ್ಬಳ್ಳಿಯವಳು. ಚಿಕ್ಕಂದಿನಲ್ಲಿ ಪ್ರತಿ ಶುಕ್ರವಾರ ಎರಕೊಂಡ ಮೇಲೆ ಅವಳ ಅಜ್ಜಿ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಮೊಮ್ಮಗಳ ಕೂದಲಿಗೆ ಹೊಗೆ ಹಿಡಿಯುತ್ತಿದ್ದಳು. ಆ ಸಾಂಬ್ರಾಣಿ ಎಲ್ಲಿಂದ ಬರುತ್ತದೆಂದು ಅಜ್ಜಿ ಕೇಳಿದವಳಲ್ಲ, ಮೊಮ್ಮಗಳೂ ಕೇಳಿದವಳಲ್ಲ. ಅಂಗಡಿಯಿಂದ ಬರುತ್ತದೆ, ಅಷ್ಟೆ. ಅದು ಸುಮಾತ್ರಾದ ಬೆಟ್ಟಗಳಲ್ಲಿ ಬಟಕ್ ಜನ ಮರದ ತೊಗಟೆ ಕೆತ್ತಿ ತೆಗೆಯುವ ಅಂಟು ಎಂಬುದು ಅವಳಿಗೆ ತಿಳಿದದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ, ಅಂಥದೊಂದು ಮರದ ಬುಡದಲ್ಲಿ ನಿಂತಾಗ.

ವಿದೇಶಕ್ಕೆ ಹೋಗಿ ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿದ ಮೇಲೆ ಅವಳು ಆ ದೇಶದಲ್ಲೇ ರೈಸ್‌ವೈಕ್ ಎಂಬ ಊರಿನ ಒಂದು ಸಣ್ಣ ಸಂಸ್ಥೆ ಸೇರಿದ್ದಳು. ಕಾಗದಪತ್ರ ಇಲ್ಲದ ಕಾಡಿನ ಜನಕ್ಕೆ ಅವರ ಜಮೀನಿನ ನಕ್ಷೆ ಮಾಡಿಕೊಡುವುದು ಸಂಸ್ಥೆಯ ಕೆಲಸ. 2019ರಲ್ಲಿ ಎಂಟು ತಿಂಗಳು ಅವಳನ್ನು ತೋಬಾ ಸರೋವರದ ಮೇಲಣ ಬೆಟ್ಟದ ಹಳ್ಳಿಯೊಂದಕ್ಕೆ ಕಳಿಸಿದರು. ಯಾವುದೋ ಯುಗದಲ್ಲಿ ಜ್ವಾಲಾಮುಖಿ ಸಿಡಿದು ಬಿದ್ದ ಕುಳಿಯಲ್ಲಿ ನಿಂತ ನೀರು ಅದು, ಸಮುದ್ರದಂತೆ ಕಾಣುತ್ತಿತ್ತು. ಹಳ್ಳಿಯಲ್ಲಿ ಇಪ್ಪತ್ತಮೂರು ಮನೆ, ಒಂದು ಚರ್ಚು, ಹಿಂದೆ ಕಾಡು.

ಅವಳು ಉಳಿದುಕೊಂಡದ್ದು ತಿಯುರ್ಮಾ ಎಂಬ ಮುದುಕಿಯ ಮನೆಯಲ್ಲಿ. ಊರೆಲ್ಲ ಆಕೆಯನ್ನು ಒಪ್ಪುಂಗ್ ಅನ್ನುತ್ತಿತ್ತು. ಅಲ್ಲಿಯ ಮಾತಿನಲ್ಲಿ ಅಜ್ಜಿ ಎಂದರ್ಥ. ಎಪ್ಪತ್ತೆಂಟರ ಒಪ್ಪುಂಗ್ ಮುಂದೆ, ಉಪಗ್ರಹದಿಂದ ಜಾಗ ಗುರುತಿಸುವ ಯಂತ್ರ ಹಿಡಿದ ನೀಲಾಂಬಿಕಾ ಹಿಂದೆ. ಮುದುಕಿ ಮರ ಮುಟ್ಟಿ ಯಾರ ಮನೆಯದೆಂದು ಹೇಳುವಳು, ಇವಳು ಗುರುತು ಹಾಕಿಕೊಳ್ಳುವಳು. ವರ್ಷದಲ್ಲಿ ಮೊದಲ ಸಲ ಮರ ಕೆತ್ತುವ ಮುನ್ನ ಒಪ್ಪುಂಗ್ ಅಕ್ಕಿಹಿಟ್ಟಿನ ಉಂಡೆಯನ್ನು ಮರದ ಬುಡಕ್ಕೆ ಇಟ್ಟು, ತಾನೂ ತಿಂದು, ಇವಳ ಬಾಯಿಗೂ ಇಟ್ಟಳು. ಆರನೆಯ ತಿಂಗಳಲ್ಲಿ ಊರವರನ್ನು ಕರೆದು, ನೀಲಾಂಬಿಕಾಳ ಹೆಗಲಿಗೆ ಶಾಲು ಹೊದಿಸಿ, ತನ್ನ ಕುಲದ ಹೆಸರು ಕೊಟ್ಟು ಮನೆಮಗಳನ್ನಾಗಿ ಮಾಡಿಕೊಂಡಳು. ಆವತ್ತಿನಿಂದ ಮೊಮ್ಮಗ ಲಾಮ್‌ಹೊತ್, ಅಲ್ಲಿಯ ಶಾಲೆಯ ಮೇಷ್ಟ್ರು, ಅವಳನ್ನು ‘ಇತೋ’ ಎಂದು ಕರೆಯತೊಡಗಿದ. ಅಕ್ಕತಂಗಿಯರನ್ನು ಕರೆಯುವ ಮಾತು ಅದು.

ಹೊರಡುವಾಗ ನಕ್ಷೆ ಅರ್ಧವಷ್ಟೇ ಆಗಿತ್ತು. ಹಲವು ವರ್ಷ ಕೆತ್ತಿಸಿಕೊಂಡ ಮರಗಳನ್ನು ಹತ್ತು ಹನ್ನೆರಡು ವರ್ಷ ಮುಟ್ಟದೆ ಬಿಡುವುದು ಅಲ್ಲಿಯ ರೂಢಿ. ಮಲಗಿದ ಮರವನ್ನು ಎಣಿಸಬಾರದು, ಎಚ್ಚರಾಗುತ್ತದೆ ಎಂದು ಒಪ್ಪುಂಗ್ ಆ ಕಡೆಯ ಕಾಡಿಗೆ ಅವಳನ್ನು ಕರೆದೊಯ್ದಿರಲಿಲ್ಲ.

“ಮುಂದಿನ ವರ್ಷ ಬಾ. ಪೂಜೆ ಮಾಡಿ, ಆ ಮರಗಳ ಅಪ್ಪಣೆ ಕೇಳಿ ತೋರಿಸ್ತೀನಿ. ಅಲ್ಲೀತನಕ ಈ ಕಾಗದ ಯಾರಿಗೂ ತೋರಿಸಬೇಡ.”

“ಇಲ್ಲ ಒಪ್ಪುಂಗ್. ಯಾರಿಗೂ ತೋರಿಸೋದಿಲ್ಲ.”

ಮುಂದಿನ ವರ್ಷ ಬಂದದ್ದು ಕೊರೊನಾ.

ಮಾರ್ಚಿನಲ್ಲಿ ಗಂಡ ಕೌಶಲ್‌ನ ಕಂಪನಿ ಅವನ ಕರಾರು ಮುಂದುವರಿಸಲಿಲ್ಲ. ಇಬ್ಬರ ವಾಸದ ಪರವಾನಗಿಯೂ ನೀಲಾಂಬಿಕಾಳ ಕೆಲಸಕ್ಕೆ ಜೋತುಬಿತ್ತು. ಅವಳ ಕರಾರೂ ಜೂನ್‌ಗೆ ಮುಗಿಯುವುದರಲ್ಲಿತ್ತು. ಏಪ್ರಿಲ್‌ನಲ್ಲಿ ಮೇಲಧಿಕಾರಿ ಮಾರ್ಟೆನ್ ಲ್ಯಾಪ್‌ಟಾಪಿನ ಪರದೆಯಲ್ಲಿ ಕಾಣಿಸಿಕೊಂಡು, ಯೋಜನೆ ಮುಗಿಸಬೇಕಾಗಿದೆ, ನಕ್ಷೆಯನ್ನು ಸಂಸ್ಥೆಯ ಜಾಲತಾಣಕ್ಕೆ ಏರಿಸು ಎಂದ. ಯಾರು ಬೇಕಾದರೂ ನೋಡುವಂತೆ ಮುಕ್ತವಾಗಿಯೋ, ನಿರ್ಬಂಧಿಸಿಯೋ ಎಂಬುದು ಅವಳಿಗೇ ಬಿಟ್ಟದ್ದು. ನಿರ್ಬಂಧಿಸಬೇಕಾದರೆ ಹಳ್ಳಿಯಿಂದ ಸಹಿಯಾದ ಮೂಲ ಪತ್ರವೇ ಬೇಕು.

“ಪತ್ರಕ್ಕೆ ಕಾಯುತ್ತೀಯಾದರೆ ಕಾಯಿ. ಆದರೆ ಯೋಜನೆ ಮುಗಿಯುವುದು ಶರತ್ಕಾಲಕ್ಕೆ ಹೋಗುತ್ತದೆ. ಜೂನ್‌ನಲ್ಲಿ ನಿನ್ನ ಕರಾರಿನ ಬಗ್ಗೆ ನಾನು ಮಾತು ಕೊಡಲಾರೆ,” ಎಂದ ಮಾರ್ಟೆನ್. ಗದರಿಸಿ ಹೇಳಿದ್ದಲ್ಲ; ಇದ್ದದ್ದನ್ನು ಇದ್ದಂತೆ ಹೇಳಿದ್ದು.

ಹಳ್ಳಿಯವರು ಸೋಂಕಿಗೆ ಹೆದರಿ ದಾರಿಗೆ ಬಿದಿರು ಅಡ್ಡ ಕಟ್ಟಿಕೊಂಡಿದ್ದರು. ಅಂಚೆ ನಿಂತಿತ್ತು. ಅವಳು ಎರಡು ದಿನ ಒದ್ದಾಡಿದಳು.

“ಒಂದ್ ಟಿಕ್ ತಾನೆ ನೀಲಾ?” ಎಂದ ಕೌಶಲ್. “ಯಾರ್ ನೋಡ್ತಾರೆ ಅದನ್ನ? ಆಮೇಲ್ ಬೇಕಾದ್ರೆ ಚೇಂಜ್ ಮಾಡ್ಕೋಬಹುದು. ಈಗ ಪರ್ಮಿಟ್ ಹೋದ್ರೆ ಫ್ಲೈಟೂ ಇಲ್ಲ, ಮನೇನೂ ಇಲ್ಲ. ಎಲ್ಲಿಗ್ ಹೋಗೋಣ ಹೇಳು?”

“ಆ ಮುದುಕಿಗೆ ಮಾತು ಕೊಟ್ಟೀನಿ ನಾ.”

“ಮಾತು ಉಳಿಯುತ್ತೆ ಬಿಡು. ಅವರಿಗೆ ಗೊತ್ತಾದ್ರೆ ತಾನೆ?”

ಅವಳು ‘ಮುಕ್ತ’ ಎಂಬುದರ ಮುಂದೆ ಗುರುತು ಹಾಕಿದಳು. ಜೂನ್‌ನಲ್ಲಿ ಕರಾರು ಮುಂದುವರಿಯಿತು. ಸೆಪ್ಟೆಂಬರ್ ಹೊತ್ತಿಗೆ ಕೌಶಲ್‌ಗೂ ಐಂಡ್‌ಹೋವನ್‌ನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಅದರ ಪಕ್ಕದ ಬೆಸ್ಟ್ ಎಂಬ ಊರಿಗೆ ಮನೆ ಬದಲಾಯಿಸಿದರು. ಆಮೇಲೆ ಬದಲಿಸಿಕೊಳ್ಳಬಹುದು ಎಂದುಕೊಂಡದ್ದನ್ನು ಅವಳು ಬದಲಿಸಲಿಲ್ಲ. ಅದು ನೆನಪಾದಾಗಲೆಲ್ಲ ಬೇರೆ ಏನಾದರೂ ಕೆಲಸ ಹಚ್ಚಿಕೊಳ್ಳುತ್ತಿದ್ದಳು.

2021ರ ಫೆಬ್ರುವರಿ. ಬೆಸ್ಟ್‌ನಲ್ಲಿ ಹಿಮ ಬಿದ್ದು ಕಾಲುವೆ ಹೆಪ್ಪುಗಟ್ಟಿತ್ತು. ಬೆಳಗ್ಗೆ ಲಾಮ್‌ಹೊತ್‌ನ ವಿಡಿಯೊ ಕರೆ ಬಂತು. ಇಬ್ಬರೂ ಇಂಡೋನೇಷ್ಯನ್ ಭಾಷೆಯಲ್ಲಿ ಮಾತಾಡುತ್ತಿದ್ದರು.

“ಇತೋ, ಕಾಡಿಗೆ ಯಂತ್ರ ಬಂದಿದೆ. ಕಾಗದದ ಕಾರ್ಖಾನೆಯವರು. ನೀಲಗಿರಿ ನೆಡ್ತಾರಂತೆ.”

“ಯಾವ ಕಡೆ?”

“ಮಲಗಿರೋ ಮರಗಳ ಕಡೆ. ಅವರ ಕೈಲಿ ನಕ್ಷೆ ಇದೆ. ಗುರುತು ಇರೋದಷ್ಟೇ ನಿಮ್ಮ ಮರ, ಮಿಕ್ಕಿದ್ದು ಖಾಲಿ ಜಾಗ ಅಂತಾರೆ. ನಕ್ಷೆಯ ಕೆಳಗೆ ನಿನ್ನ ಹೆಸರಿದೆ.”

ಅವನ ಹಿಂದಿನಿಂದ ಒಪ್ಪುಂಗ್ ಏನೋ ಕೇಳುತ್ತಿದ್ದಳು.

“ಏನಂತೆ?”

“ನಮ್ಮ ಮಗಳೇ ಕಳಿಸಿದ್ದಾಳಾ ಇವರನ್ನ ಅಂತ ಕೇಳ್ತಿದ್ದಾಳೆ.”

ಇದ್ದದ್ದನ್ನು ಹೇಳಲು ಅದೊಂದೇ ಗಳಿಗೆ ಇತ್ತು. ನೀಲಾಂಬಿಕಾ ಹೇಳಿದಳು: “ಇಲ್ಲ ಅನ್ನು. ಆಫೀಸಿನವರು ನನ್ನ ಕೇಳದೆ ಕೊಟ್ಟುಬಿಟ್ಟಿದ್ದಾರೆ ಅನ್ನು.”

ಲಾಮ್‌ಹೊತ್ ಅದನ್ನು ಅಜ್ಜಿಗೆ ಹೇಳಿದ. ಮುದುಕಿ ಫೋನ್ ಕಿತ್ತುಕೊಂಡು, ಅಳುವವಳ ಹಾಗೆ ಮುಖ ಮಾಡಿ, “ನನಗೆ ಗೊತ್ತಿತ್ತು, ನೀನು ಹಾಗೆ ಮಾಡೋಳಲ್ಲ. ಸರಿಯಾಗಿ ಊಟ ಮಾಡು. ತುಂಬಾ ಇಳಿದಿದ್ದೀಯ,” ಎಂದಳು.

ಜುಲೈನಲ್ಲಿ ಒಪ್ಪುಂಗ್ ಸೋಂಕಿನಿಂದ ತೀರಿಕೊಂಡಳು. ಅಷ್ಟು ಮೊಮ್ಮಕ್ಕಳನ್ನು ಕಂಡ ಮುದುಕಿ ಸತ್ತರೆ ಅಲ್ಲಿ ಮೂರು ದಿನ ಡೋಲು ಬಾರಿಸಿ, ಕುಣಿದು, ಎಮ್ಮೆ ಕಡಿದು ಊರಿಗೆಲ್ಲ ಹಂಚುತ್ತಾರೆ. ಈಗ ಆರೇ ಜನ, ಪ್ಲಾಸ್ಟಿಕ್ ಸುತ್ತಿದ ಪೆಟ್ಟಿಗೆ, ಅರ್ಧ ಗಂಟೆಯ ಕೆಲಸ. ನೀಲಾಂಬಿಕಾ ಬೆಸ್ಟ್‌ನ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದಳು. ಮನೆಮಗಳ ಸ್ಥಾನದಲ್ಲಿ ಅವಳೂ ಒಂದು ಮಾತು ಹೇಳಬೇಕೆಂದು ಲಾಮ್‌ಹೊತ್ ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದ. ಅವಳು ತನ್ನ ಫೋನನ್ನು ಕಟ್ಟೆಯ ಮೇಲೆ ಕವುಚಿಟ್ಟಳು. ಎಲ್ಲರೂ ಅದನ್ನು ದುಃಖವೆಂದೇ ತಿಳಿದರು.

ಆಗಸ್ಟಿನಲ್ಲಿ ಹಳ್ಳಿಯವರು ಕೋರ್ಟಿಗೆ ಹೋಗಲು ಅರ್ಜಿ ಬರೆಸತೊಡಗಿದರು. ದಾಖಲೆ ಹುಡುಕುತ್ತ ಲಾಮ್‌ಹೊತ್ ಸಂಸ್ಥೆಯ ಜಾಲತಾಣಕ್ಕೆ ಹೋದ. ಆ ಸಂಜೆಯೇ ಕರೆ ಮಾಡಿದ.

“ಏಪ್ರಿಲ್ ಹದಿನಾಲ್ಕು, ಎರಡು ಸಾವಿರದ ಇಪ್ಪತ್ತು,” ಎಂದು ಓದಿದ. “ಏರಿಸಿದವರು: ನೀಲಾಂಬಿಕಾ. ಅನುಮತಿಯ ನಿರ್ಧಾರ: ನೀಲಾಂಬಿಕಾ. ಇದು ಆಫೀಸಿನವರು ಬರೆದದ್ದೋ, ನೀನೇ ಬರೆದದ್ದೋ?”

“ನಾನೇ.”

“ಅಜ್ಜಿ ಊರಿನ ಸಭೇಲಿ ನಿನ್ನ ಪರವಾಗಿ ಜಗಳ ಆಡಿದಳು. ನೀನೇ ಕೊಟ್ಟದ್ದು ಅಂದ ತನ್ನ ತಮ್ಮನ ಹತ್ತಿರ ಮಾತು ಬಿಟ್ಟಳು. ಸಾಯೋತನಕ ಆಡಲಿಲ್ಲ. ಅವನಿಗೆ ಈಗ ನಾನೇನು ಹೇಳಲಿ ಮೇಡಂ?”

ಮೇಡಂ ಎಂಬ ಆ ಮಾತು ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಕೆಲಸ ಹೋಗುತ್ತಿತ್ತು, ಗಂಡನ ಕರಾರು ನಿಂತಿತ್ತು, ಎಂದು ಹೇಳಹೊರಟಳು. ಹೇಳುವಾಗಲೇ ಅದು ತನ್ನ ಕಿವಿಗೇ ಸಣ್ಣದಾಗಿ ಕೇಳಿತು. ಅವನು ಕೊನೆಯವರೆಗೂ ಕೇಳಿಸಿಕೊಂಡು ಕರೆ ಕತ್ತರಿಸಿದ.

ಮರುದಿನ ಅವಳು ನಕ್ಷೆ ತೆಗೆದುಹಾಕುವಂತೆ ಮಾರ್ಟೆನ್‌ಗೆ ಬರೆದಳು. ನಡೆದದ್ದೆಲ್ಲ ಬರೆದು, ಕೆಲಸ ಬಿಡಲೂ ಸಿದ್ಧ ಎಂದು ಸೇರಿಸಿದಳು. ಒಂದು ಗಂಟೆಯೊಳಗೆ ಉತ್ತರ ಬಂತು: ತೆಗೆದಿದ್ದೇವೆ, ಬಿಡುವ ಅಗತ್ಯವೇನೂ ಇಲ್ಲ, ಮೊದಲೇ ಹೇಳಬಾರದಿತ್ತೇ? ಅವಳು ಅದನ್ನು ನಾಲ್ಕು ಸಲ ಓದಿದಳು. ಕೌಶಲ್ ಹೆಗಲ ಮೇಲಿಂದ ಇಣುಕಿ, “ನೋಡಿದ್ಯಾ, ಇಷ್ಟೇ,” ಎಂದ.

“ನೀ ಸುಮ್ಮನಿರು,” ಎಂದಳು ಅವಳು. ಅವನು ಹಾಗೆ ಅನ್ನಿಸಿಕೊಂಡದ್ದು ಅದೇ ಮೊದಲು.

ನಕ್ಷೆ ಅರ್ಧವೇ ಆಗಿದೆ, ಖಾಲಿ ಎಂದು ತೋರುವ ಕಾಡು ಊರವರದೇ ಎಂದು ಸಾಕ್ಷಿಪತ್ರವನ್ನೂ ಬರೆದು ಕಳಿಸಿದಳು. ಕೋರ್ಟು ಅದನ್ನು ತಳ್ಳಿಹಾಕಿತೆಂದು ವಕೀಲರಿಂದ ತಿಳಿಯಿತು. ಆ ಕಾಡಿಗೆ ತಾನು ಕಾಲಿಟ್ಟಿಲ್ಲವೆಂದು ಅವಳೇ ಬರೆದಿದ್ದಳು. ಅಲ್ಲಿಯ ಯಾವ ಮರ ಯಾರದೆಂದು ಬಲ್ಲವಳು ಒಪ್ಪುಂಗ್ ಒಬ್ಬಳೇ.

ಡಿಸೆಂಬರಿನಲ್ಲಿ ಅವಳು ಧೈರ್ಯ ಮಾಡಿ ಲಾಮ್‌ಹೊತ್‌ಗೆ ಕರೆ ಮಾಡಿದಳು. ಅವನು ಎತ್ತಿದ. ಸಿಟ್ಟಿರಲಿಲ್ಲ, ಗೊತ್ತಿಲ್ಲದ ಯಾರೊಂದಿಗೋ ಆಡುವ ಹಾಗೆ ಆಡಿದ.

“ಊರಲ್ಲಿ ಎಲ್ಲ ಹೇಗಿದ್ದಾರೆ?”

“ಇದ್ದಾರೆ. ಸೋಮವಾರದಿಂದ ನನ್ನ ಹೆಂಡತಿ ಕಂಪನಿಯ ಕೆಲಸಕ್ಕೆ ಹೋಗ್ತಿದ್ದಾಳೆ. ನೀಲಗಿರಿ ಸಸಿಗೆ ನೀರು ಹಾಕೋದು.”

“ನಿಮ್ಮ ಕಾಡಿನಲ್ಲೇ?”

“ಅದೇ ಜಾಗ,” ಎಂದ ಅವನು. “ಇನ್ನೇನಾದರೂ ಕೇಳೋದಿತ್ತಾ? ಮಕ್ಕಳು ಪಾಠಕ್ಕೆ ಕಾಯ್ತಿದ್ದಾರೆ.”