ಮಣ್ಣಿಗೆ ಬಾರದವನು

"ಇದ್ರಲ್ಲಿ ನಾನಿದೀನಾ ಇಲ್ವಾ, ವಸಿ ನೋಡಪ್ಪ" ಎಂದು ದೇವಯ್ಯ ಅಂಗಡಿಯ ಮೆಟ್ಟಿಲ ಕೆಳಗೇ ನಿಂತು ಫೋನು ಚಾಚಿದ.

ಮಂಚದ ಕಾಲಿಗೆ ಪಾಲಿಶ್ ಹಚ್ಚುತ್ತಿದ್ದ ಜಬ್ಬಾರ್ ಕೈ ಒರೆಸಿಕೊಂಡು ಎದ್ದ. ನೋಡುವ ಅಗತ್ಯವೇ ಇರಲಿಲ್ಲ. ಹುಣಸೂರಿನ ಅವರ ಮೊಹಲ್ಲಾದಲ್ಲಿ ಯಾರೇ ತೀರಿಕೊಂಡರೂ ದಫನ್ ಎಷ್ಟು ಗಂಟೆಗೆಂದು ತಿಳಿಸುವ ವಾಟ್ಸಾಪ್ ಗ್ರೂಪಿಗೆ ಅವನೇ ಅಡ್ಮಿನ್. ದೇವಯ್ಯನನ್ನು ಅದರಿಂದ ತೆಗೆದುಹಾಕಿದವನೂ ಅವನೇ. ಅದಾಗಿ ಇಪ್ಪತ್ತು ದಿನವಾಗಿತ್ತು.

ಕೊರೊನಾ ಕಾಲದಲ್ಲಿ, ಈ ಬೀದಿಯ ಸಾವು ಆ ಬೀದಿಗೆ ಗೊತ್ತಾಗದಿದ್ದಾಗ, ಜಬ್ಬಾರ್ ಗ್ರೂಪ್ ಶುರು ಮಾಡಿದ್ದ. ಅದಕ್ಕಾಗಿ ಒಬ್ಬರ ಕೈಯಿಂದ ಒಂದು ಲೋಟ ಚಹಾ ಕುಡಿದವನಲ್ಲ. ಮಗಳು ಅಫ್ರೀನಳ ನಿಶ್ಚಿತಾರ್ಥದ ದಿನವೂ ಊಟದಿಂದೆದ್ದು ಸುದ್ದಿ ಹಾಕಿದ್ದ. ಸಾವಿನ ಸುದ್ದಿಯ ನಡುವೆ ಯಾರಾದರೂ ಬೇರೆ ಏನಾದರೂ ಹಾಕಿದರೆ ಮಾತ್ರ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ಅಂಥವರನ್ನು ತೆಗೆದುಹಾಕಲು ಯಾವ ದೊಣ್ಣೆನಾಯಕನ ಅಪ್ಪಣೆಯೂ ಬೇಕಿರಲಿಲ್ಲ. ಪುಕ್ಕಟೆ ದುಡಿಯುವವನನ್ನು ತಪ್ಪೆನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ? ಜನ ಭೇಷ್ ಎನ್ನುತ್ತಿದ್ದರು.

"ನೀವಿಲ್ಲ ದೇವಯ್ಯಣ್ಣ" ಎಂದ. "ಖಮರುನ್ನೀಸಾ ಅವರ ಹುಡುಗ ಆಕ್ಸಿಡೆಂಟಲ್ಲಿ ಹೋದಾಗ ಅದರ ಕೆಳಗೆ ನಗೋ ಮುಖ ಹಾಕಿದ್ರಿ. ಆ ತಾಯಿ ನಂಗೆ ಫೋನ್ ಮಾಡಿ ಅತ್ತರು."

"ನಗೋ ಮುಖವಾ?" ದೇವಯ್ಯ ಬೆಪ್ಪಾದ. "ಎರಡು ಕಣ್ಣಲ್ಲೂ ನೀರಿತ್ತಲ್ಲೋ ಅದ್ಕೆ! ಅಳ್ತಿತ್ತು ಕಣೋ ಅದು. ಆ ಮಗೀನ ನಾನು ಎತ್ತಾಡ್ಸಿದ್ದೆ."

ಜಬ್ಬಾರ್ ತನ್ನ ಫೋನಿನಲ್ಲಿ ಹಿಂದೆ ಹಿಂದೆ ಹೋಗಿ ಹುಡುಕಿದ. ಕಡಲೆಕಾಳಿನಷ್ಟು ಹಳದಿ ಮುಖ, ಎರಡೂ ಕಡೆ ನೀರು. ಕನ್ನಡಕವಿಲ್ಲದ ಕಣ್ಣಿಗೆ ಬಾಯಿ ನಗುತ್ತ ಅಗಲವಾಗಿರುವುದು ಎಲ್ಲಿ ಕಂಡೀತು? ಅವತ್ತು ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು. ಅವನಿಗೆ ನಾಚಿಕೆಯಾಯಿತು.

"ಅದ್ ಬುಡು" ಎಂದ ದೇವಯ್ಯ. "ಪ್ಯಾರೂ ಸತ್ತು ನಾಕ್ ದಿನ ಆಯ್ತಂತೆ. ಇವತ್ತು ನಮ್ಮೂರ್ ಬಿಳಿಕೆರೆ ಬಸ್‌ಸ್ಟಾಪಲ್ಲಿ ಯಾರೋ ಅಂದ್ರು. ಓಡ್ ಬಂದೆ. ಅವ್ನ ಮಗ ಬಾಗಲಲ್ಲೇ ನಿಲ್ಲುಸ್ದ. 'ಮಣ್ಣಿಗೆ ಬರದೋರು ಈಗ್ಯಾಕೆ ಬಂದ್ರಿ' ಅಂದ."

ಪ್ಯಾರೇಜಾನ್ ಮತ್ತು ದೇವಯ್ಯ ಇಪ್ಪತ್ತೆರಡು ವರ್ಷ ಒಂದೇ ಗರಗಸ ಎಳೆದವರು. ದಿಮ್ಮಿಯ ಮೇಲೆ ಅವನು, ಕೆಳಗೆ ಇವನು. ಶುಕ್ರವಾರ ಜನಾಜಾ ಎತ್ತುವ ಮುಂಚೆ ಆ ಮಗ, "ದೇವಯ್ಯ ಮಾಮ ಬರಲಿ, ತಡೀರಿ" ಎಂದು ಎಲ್ಲರನ್ನೂ ನಿಲ್ಲಿಸಿದ್ದ. ಗ್ರೂಪಿನಲ್ಲಿ ಹಾಕಿದೆಯಲ್ಲ, ನೋಡಿಯೇ ಇರುತ್ತಾರೆ ಎಂದುಕೊಂಡಿದ್ದ. ಕಾಲು ಗಂಟೆ ಕಾದರು. ದೇವಯ್ಯನನ್ನು ತೆಗೆದದ್ದು ಜಬ್ಬಾರನಿಗೆ ಆಗಲೇ ನೆನಪಾಗಿತ್ತು. ಅಷ್ಟು ಜನರ ಮುಂದೆ ಹೇಳಲು ಬಾಯಿ ಬರದೆ ಅವನೂ ಹೆಗಲು ಕೊಟ್ಟು ನಡೆದಿದ್ದ.

ಈಗ ಅದನ್ನೂ ಹೇಳಿದ. ದೇವಯ್ಯ ಬೈಯಲಿಲ್ಲ. ಬೈದಿದ್ದರೆ ಜಬ್ಬಾರನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಕಾದ್ರಾ?" ಎಂದು ಕೇಳಿದ.

"ಕಾಲು ಗಂಟೆ."

ದೇವಯ್ಯ ಟವಲಿನಿಂದ ಮುಖ ಮುಚ್ಚಿಕೊಂಡ.

ಜಬ್ಬಾರ್ ಫೋನನ್ನು ಬಾಯಿಯ ಹತ್ತಿರ ಹಿಡಿದ. ದೇವಯ್ಯಣ್ಣನದು ತಪ್ಪಿಲ್ಲ, ವಿಚಾರಿಸದೆ ತೆಗೆದವನು ನಾನು, ಗೊತ್ತಿದ್ದೂ ಸುಮ್ಮನಿದ್ದವನು ನಾನು ಎಂದು ಹೇಳಿ ಗ್ರೂಪಿಗೆ ಕಳಿಸಿದ. ಮೊದಲ ಉತ್ತರ ಪ್ಯಾರೇಜಾನನ ಮಗನದೇ. "ಪರವಾಗಿಲ್ಲ ಭಾಯ್, ನೀವು ಮಾಡ್ತಿರೋದು ಪುಣ್ಯದ ಕೆಲಸ." ದೇವಯ್ಯನ ಹೆಸರೇ ಅದರಲ್ಲಿರಲಿಲ್ಲ.

"ನಿಮ್ಮನ್ನ ಈಗಲೇ ಸೇರಿಸ್ತೀನಿ" ಎಂದ ಜಬ್ಬಾರ್.

"ಬ್ಯಾಡ ಕಣಪ್ಪ." ದೇವಯ್ಯ ಫೋನನ್ನು ಜೇಬಿಗೆ ಹಾಕಿಕೊಂಡ. "ಅದ್ಕೆ ನನ್ನ ಸೇರ್ಸಿದ್ದು ಪ್ಯಾರೂನೇ. 'ನೀನು ಮುಂಚೆ ಸತ್ರೆ ನಿನ್ ಮಕ್ಳು ನಂಗ್ ಯೋಳ್ತಾರೆ, ನಾನು ಮುಂಚೆ ಸತ್ರೆ ನಿಂಗ್ ಯಾರ್ಲಾ ಯೋಳ್ತಾರೆ' ಅಂದಿದ್ದ. ಇನ್ಯಾರ್ ಸುದ್ದಿಗೆ ಅಂತ ಕಾಯ್ಲಿ?"

ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಜಬ್ಬಾರನ ಕೈಯಲ್ಲಿ ಫೋನು ಸುಮ್ಮನಾಗಲಿಲ್ಲ. ಅವನ ತಪ್ಪೊಪ್ಪಿಗೆಯ ಕೆಳಗೆ ಹೆಬ್ಬೆರಳುಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು.