ಪುಟ್ಟನ ಕಲ್ಲು

"ಏ ಜವರಿ! ನಿನ್ನ ಮಗನ ಅಂಗಿ ಬಿಚ್ಸೇ ಮೊದ್ಲು! ಇವನಜ್ಜ ಏನು ಟೀ ಶರ್ಟು ಹಾಕ್ಕೊಂಡು ಹುಲಿ ಮುಂದೆ ಹೋಗಿದ್ನಾ?"

ತೋಟದ ಲೆಕ್ಕ ಬರೆಯುವ ರೈಟರ್ ರವಿ ಮೆಟ್ಟಿಲ ಮೇಲೆ ನಿಂತು ಕಿರುಚಿದ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡಿದ್ದ ಹೋಮ್‌ಸ್ಟೇ ಅತಿಥಿಗಳು ಕಿಸಕ್ಕೆಂದು ನಕ್ಕರು. ಲೋಕೇಶ ಅತ್ತಿತ್ತ ನೋಡಿ ಅಂಗಿ ಬಿಚ್ಚಿದ. ರವಿ ಕಾಲಿನಿಂದಲೇ ಒಂದು ಕಂಬಳಿ ನೂಕಿದ. ನಿನ್ನೆಯವರೆಗೆ ಧಣಿಗಳ ನಾಯಿ ಮಲಗುತ್ತಿದ್ದ ಕಂಬಳಿ ಅದು.

"ಹೊದ್ಕೋ. ಚಪ್ಪಲಿನೂ ಬಿಡು. ಎರವ ಎರವನ ಥರ ಕಾಣ್ಬೇಕು, ಬೋಳಿಮಗನೆ, ಮದುವೆ ಗಂಡಿನ ಥರ ಅಲ್ಲ."

ಜವರಿ ತೆಂಗಿನ ನಾರಿನಿಂದ ಕಲ್ಲು ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ. ಎತ್ತಿದರೆ ಬಾಯಿಂದ ಏನು ಹೊರಬೀಳುತ್ತದೋ ಎಂಬ ಭಯ ಅವಳಿಗೆ.

ಇವತ್ತು ದೊಡ್ಡಮನೆಯವರು ತಮ್ಮ ಕಾರಣವರಿಗೆ ಎಡೆ ಇಡುವ ದಿನ. ಅವರ ಹಿರಿಯರಿಗೆ ಹೆಂಚು ಹೊದಿಸಿದ ಕೈಮಡವೆಂಬ ಗುಡಿಯುಂಟು, ಒಳಗೆ ದೀಪವುಂಟು. ಅದರ ಗೋಡೆಯ ಆಚೆ, ಬಚ್ಚಲ ನೀರು ಹರಿಯುವ ಕಡೆ, ಮೊಣಕಾಲೆತ್ತರದ ಒಂದು ಕಲ್ಲು. ಅದು ಪುಟ್ಟನ ಕಲ್ಲು. ಎಪ್ಪತ್ತು ವರ್ಷದ ಹಿಂದೆ ಧಣಿ ಕುಟ್ಟಪ್ಪನ ಮೇಲೆ ಹುಲಿ ಎಗರಿದಾಗ ಪುಟ್ಟನೆಂಬ ಎರವರ ಆಳು ಅಡ್ಡ ಬಿದ್ದು ಪ್ರಾಣ ಕೊಟ್ಟನಂತೆ. ಮೆಚ್ಚಿದ ಧಣಿ ಕಲ್ಲು ನೆಡಿಸಿದನಂತೆ. ಅವತ್ತಿನಿಂದ ಪುಟ್ಟನ ಮನೆಯ ಗಂಡಸಿಗೆ ಒಂದು ಹಕ್ಕು. ತೋಟಕ್ಕೆ ಹುಲಿಯೇ ಬರಲಿ, ಆನೆಯೇ ಬರಲಿ, ಧಣಿಗಳ ಮುಂದೆ ಅವನೇ ನಡೆಯಬೇಕು. ಎಂಥ ಹಕ್ಕು ನೋಡಿ! ಪಾಲಿಬೆಟ್ಟದ ಸುತ್ತಿನ ತೋಟದಾಳುಗಳ ಯಾವ ಲೈನ್ ಮನೆಯಲ್ಲೂ ಇಂಥದ್ದೊಂದು ಹಕ್ಕು ಇರಲಿಲ್ಲ.

ಪುಟ್ಟನ ಮಗ ಸೋಮ ಆ ಹಕ್ಕು ಚಲಾಯಿಸಿಯೇ ಸತ್ತ. ಜವರಿಯ ಗಂಡ ಅವನು. ಹದಿನಾಲ್ಕು ವರ್ಷದ ಹಿಂದೆ, ಕಾಫಿಹಣ್ಣು ಕೊಯ್ಯುವ ಹೆಂಗಸರಿಗಿಂತ ಮುಂಚೆ ತೋಟ ನೋಡಿ ಬರಲು ಕಳಿಸಿದರು. ಸಲಗದ ಕಾಲಿಗೆ ಸಿಕ್ಕವನನ್ನು ಗೋಣಿಚೀಲದಲ್ಲಿ ತಂದರು. ಆ ವರ್ಷ ಕಲ್ಲಿನ ಮುಂದಿನ ಎಡೆಗೆ ಒಂದು ತುಂಡು ಹಂದಿಮಾಂಸ ಹೆಚ್ಚಿಗೆ ಬಿತ್ತು.

ಈಗ ಮಗನ ಸರದಿ. ಲೋಕೇಶನಿಗೆ ಇಪ್ಪತ್ತನಾಲ್ಕು. ಗೋಣಿಕೊಪ್ಪದಲ್ಲಿ ಪಿಕಪ್ ಓಡಿಸಿಕೊಂಡು ಚೆನ್ನಾಗಿಯೇ ಇದ್ದ. ಕಾವಲಿಗೆ ಬಾ, ಬರದಿದ್ದರೆ ನಿಮ್ಮಮ್ಮ ಲೈನ್ ಮನೆ ಖಾಲಿ ಮಾಡಲಿ ಎಂದು ಹೇಳಿ ಕಳಿಸಿದರು. ಹೆದರಿ ಬಂದಿದ್ದರೆ ಜವರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಅವನು ಖುಷಿಯಿಂದ ಬಂದ. ಅಜ್ಜನ ಜಾಗದಲ್ಲಿ ನಿಲ್ಲುತ್ತೇನೆ ಎಂದು ಎದೆ ಉಬ್ಬಿಸಿಕೊಂಡು ಬಂದ. ಕಲ್ಲಿಗೆ ಎಡೆ ಇಟ್ಟ ಮೇಲೆ ಅವನ ಕೈಗೆ ಕೋವಿ ಕೊಡುತ್ತಾರೆ. ಅವನು ಸಣ್ಣ ಧಣಿಯ ಮುಂದೆ ತೋಟದೊಳಗೆ ನಡೆದು, ಗಾಳಿಗೆ ಒಂದು ಗುಂಡು ಹಾರಿಸಿ ಬರಬೇಕು. ಅಲ್ಲಿಗೆ ಕೆಲಸ ಖಾಯಂ.

ಆದರೆ ತೋಟದೊಳಗೆ ಸಲಗವಿತ್ತು. ಬೆಳಿಗ್ಗೆ ನೀರಿಗೆ ಹೋದಾಗ ಹಲಸಿನ ಮರದಡಿ ಹೊಗೆಯಾಡುವ ಲದ್ದಿಯನ್ನು ಜವರಿ ಕಣ್ಣಾರೆ ಕಂಡಿದ್ದಳು. ಕೈ ಸೀರೆಗೆ ಒರೆಸಿಕೊಂಡು ಸಣ್ಣ ಧಣಿ ಪ್ರಜ್ಞೇಶನ ಹತ್ತಿರ ಹೋದಳು. ಅವನು ಮೈಕು ಸರಿಮಾಡುತ್ತಿದ್ದ.

"ಅಯ್ಯಾ, ಕೆಳಗಿನ ತೋಟದಲ್ಲಿ ಒಂಟಿ ಸಲಗ ಐತೆ. ಲದ್ದಿ ಇನ್ನೂ ಬಿಸಿ ಇತ್ತು. ಇವತ್ತು ಒಳಗೆ ಹೋಗದು ಬ್ಯಾಡ."

"ಶ್! ಮೆಲ್ಲಗೆ ಮಾತಾಡೇ. ಗೆಸ್ಟ್ ಎಲ್ಲ ಇದನ್ನ ನೋಡೋಕೇ ಬಂದಿರೋದು. ಐವತ್ತು ಹೆಜ್ಜೆ ಹೋಗಿ ಬರೋದಪ್ಪ, ಅಷ್ಟೇ."

"ಐವತ್ತು ಹೆಜ್ಜೇಲೇ ನನ್ನ ಗಂಡ ಹೋಗಿದ್ದು ಅಯ್ಯಾ."

ಪ್ರಜ್ಞೇಶನ ಮುಖ ಬಿಗಿಯಿತು. "ಹಬ್ಬದ ದಿನ ಅಪಶಕುನ ನುಡೀಬೇಡ. ನಿಮ್ಮ ಮನೆಯವರಿಗೆ ಇಷ್ಟು ಮರ್ಯಾದೆ ಕೊಡೋರು ಇಡೀ ಕೊಡಗಲ್ಲಿ ಯಾರಿದ್ದಾರೆ ಹೇಳು? ತಿಂದ ಅನ್ನಕ್ಕೆ ನಿಯತ್ತು ಬೇಡ್ವಾ? ಹೋಗು, ಎಲೆ ತೊಳಿ."

ಜವರಿ ಎಲೆ ತೊಳೆಯಲಿಲ್ಲ. ಮಗನ ತೋಳು ಹಿಡಿದು ಕಾಫಿಹಣ್ಣು ಸುಲಿಯುವ ಪಲ್ಪರ್ ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಹದಿನಾಲ್ಕು ವರ್ಷದಿಂದ ಕೆಂಡದಂತೆ ನುಂಗಿಕೊಂಡದ್ದನ್ನು ಇವತ್ತು ಹೇಳಲೇಬೇಕಿತ್ತು.

"ಲೋಕಾ, ಬಟ್ಟೆ ಹಾಕ್ಕೋ. ಹಿಂದ್ಗಡೆ ದಾರೀಲಿ ಹೊಂಟ್ಹೋಗು. ಲೈನ್ ಮನೆ ಹಾಳಾಗ್ಲಿ."

"ಹುಚ್ಚೇನವ್ವ ನಿಂಗೆ? ಎಲ್ಲಾ ಕಾಯ್ತಾವ್ರೆ."

"ನಿನ್ನಜ್ಜನ್ನ ಹುಲಿ ಕೊಂದಿಲ್ಲ ಕಣೋ."

ಲೋಕೇಶ ನಕ್ಕ. ಅವಳು ನಗಲಿಲ್ಲ.

"ಹೆಣ ತೊಳ್ದೋಳು ನಿನ್ನಜ್ಜಿ ಸಣ್ಣಿ. ಮೈಮೇಲೆ ಹುಲಿ ಉಗುರಿನ ಒಂದು ಗೀರೂ ಇರ್ಲಿಲ್ಲ. ಬೆನ್ನು ತುಂಬಾ ಚರೆಗುಂಡಿನ ತೂತು. ಏಳು ತೂತು. ಬೆರಳಿಟ್ಟು ನೋಡಿದ್ಳು ಅವಳು. ಕುಟ್ಟಪ್ಪಯ್ಯ ಹಿಂದಿಂದ ಹೊಡ್ದಿದ್ದು."

"ಯಾಕೆ ಹೊಡೀತಾರೆ?"

"ಸರ್ವೆಯೋರು ಬಂದು ಕೆಳಗಿನ ಗದ್ದೆ ಯಾರು ಉಳ್ತಾರೆ ಅಂದ್ರು. ನಿನ್ನಜ್ಜ ಕಾಡು ಕಡಿದು ಮಾಡಿದ್ದ ಗದ್ದೆ ಅದು. ನಾನು ಅಂದ. ಅಷ್ಟೇ ಕಣೋ ಅವನು ಮಾಡಿದ್ದು! ಮೂರು ದಿನಕ್ಕೆ ಬೇಟೆಗೆ ಬಾ ಅಂತ ಕರ್ಕೊಂಡು ಹೋದ್ರು. ಮುಂದೆ ನಡಿ ಅಂದ್ರು."

ಆ ಗದ್ದೆಯ ಮೇಲೆ ಈಗ ಹೋಮ್‌ಸ್ಟೇಯ ಮೂರು ಕಾಟೇಜುಗಳಿದ್ದವು. ಲೋಕೇಶ ಅತ್ತ ಒಮ್ಮೆ ನೋಡಿದ. ಮತ್ತೆ ತಾಯಿಯನ್ನು ನೋಡಿದ.

"ಅಜ್ಜಿ ಯಾಕೆ ಯಾರ್ಗೂ ಹೇಳ್ಲಿಲ್ಲ ಹಂಗಾದ್ರೆ?"

"ನಿನ್ನಪ್ಪ ಹೊಟ್ಟೇಲಿದ್ದ. ಬಡವನ ಸಿಟ್ಟು ದವಡೆಗೆ ಮೂಲ ಅಂತ ಬಾಯಿ ಹೊಲ್ಕೊಂಡ್ಳು. ಗಂಡಸ್ರಿಗೆ ಗೊತ್ತಾದ್ರೆ ಒಂದೋ ಕೋವಿ ಹಿಡಿತಾರೆ, ಇಲ್ಲಾ ಕೋವಿಗೆ ಸಿಗ್ತಾರೆ ಅಂತ ಹೆದರಿದ್ಳು. ನಿನ್ನಪ್ಪನ ಗೋಣಿಚೀಲ ಬಂದ ಮಾರನೇ ದಿನ ನಂಗೆ ಹೇಳಿದ್ಳು. ನಾನು ಬಾಯಿ ಬಿಟ್ಟಿದ್ರೆ ನನ್ನ ಮಗ ಸೋಮ ಈ ಊರು ಬಿಟ್ಟಾದ್ರೂ ಉಳೀತಿದ್ನೇನೋ ಅಂತ ಎದೆ ಎದೆ ಹೊಡ್ಕೊಂಡ್ಳು."

ಲೋಕೇಶನ ಕಣ್ಣು ಕೆಂಪಾಗಿತ್ತು. ತಾಯಿ ಅಂದುಕೊಂಡ ಕಾರಣಕ್ಕಲ್ಲ.

"ಸುಳ್ಳು! ನನ್ನ ಕಳ್ಸೋಕೆ ಕತೆ ಕಟ್ತಿದ್ದೀಯ. ಸ್ಕೂಲಲ್ಲಿ ಎರವ ಎರವ ಅಂತ ಯಾವ ನಾಯೀನೂ ನನ್ನ ಪಕ್ಕ ಕೂತ್ಕೋತಿರ್ಲಿಲ್ಲ. ನಮ್ಮಜ್ಜಂಗೆ ಕಲ್ಲು ನೆಟ್ಟವ್ರೆ, ನಿಮ್ಮಜ್ಜಂಗೆ ಏನು ನೆಟ್ಟವ್ರೆ ಅಂತ ಕೇಳ್ತಿದ್ದೆ ನಾನು. ಆಗ ಬಾಯಿ ಮುಚ್ತಿದ್ರು. ನಂಗೆ ಅಂತ ಇರೋದು ಅದೊಂದೇ ಅವ್ವ. ಅದ್ನೂ ಕಿತ್ಕೋತೀಯಾ?"

ಕಂಬಳಿ ಎಳೆದುಕೊಂಡು ಹೊರಟೇಬಿಟ್ಟ. ಜವರಿ ಅವನ ಹಿಂದೆಯೇ ಅಂಗಳಕ್ಕೆ ಓಡಿದಳು.

ಹನ್ನೊಂದು ಗಂಟೆಗೆ ಕೈಮಡದ ಪೂಜೆ ಮುಗಿದು ಎಲ್ಲರೂ ಕಲ್ಲಿನ ಹತ್ತಿರ ಬಂದರು. ದೊಡ್ಡ ಧಣಿ ನಾಣಯ್ಯನನ್ನು ಇಬ್ಬರು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದರು. ಕುಟ್ಟಪ್ಪನ ಮಗ, ಪ್ರಜ್ಞೇಶನ ತಾತ. ಎಂಬತ್ತು ದಾಟಿದ ಮುದುಕ, ಕುಪ್ಯವೆಂಬ ಕರಿಯ ನಿಲುವಂಗಿ ತೊಟ್ಟಿದ್ದ. ಪ್ರಜ್ಞೇಶನ ಹೆಂಡತಿ ಅನುಪಮಾ ಮೆಟ್ಟಿಲ ಮೇಲೆ ಹೆಂಗಸರ ಜೊತೆ ನಿಂತಳು. ಅತಿಥಿಗಳ ಫೋನುಗಳು ಮೇಲೆದ್ದವು.

"ಬೇಟೆಯಲ್ಲಿ ಹತ್ತು ಜನ ಇದ್ದರು," ಪ್ರಜ್ಞೇಶ ಮೈಕಿನಲ್ಲಿ ಶುರು ಮಾಡಿದ. "ಹುಲಿ ಹಾರಿದ ಕೂಡಲೇ ಒಂಬತ್ತು ಜನ ಓಡಿದರು. ಒಬ್ಬ ಮಾತ್ರ ನಿಂತ. ನಮ್ಮ ಪುಟ್ಟ! ಇವತ್ತು ಅವನ ಮೊಮ್ಮಗ ನಿಮ್ಮ ಮುಂದೆ ಇದ್ದಾನೆ."

ಚಪ್ಪಾಳೆ ಬಿತ್ತು. ಪಾಪ, ಕತೆ ಹೇಳುವವನೂ ಅದನ್ನು ನಿಜವೆಂದೇ ನಂಬಿದ್ದ. ರವಿ ಲೋಕೇಶನ ಕತ್ತು ಹಿಡಿದು ಕಲ್ಲಿನ ಮುಂದೆ ಬಗ್ಗಿಸಿದ. "ಬೊಗಸೆ ಒಡ್ಡೋ." ಲೋಟ ತಾಗದಂತೆ ಒಂದು ಮೊಳ ಮೇಲಿನಿಂದ ಸಾರಾಯಿ ಹೊಯ್ದ. ಅರ್ಧ ಬೊಗಸೆಗೆ, ಅರ್ಧ ಮುಖಕ್ಕೆ. ಯಾರೋ ಇನ್ನೊಂದ್ಸಲ, ಇನ್ನೊಂದ್ಸಲ, ವಿಡಿಯೋ ಆಗ್ಲಿಲ್ಲ ಅಂದರು. ಇನ್ನೊಂದು ಸಲ ಹೊಯ್ದ. ಲೋಕೇಶ ಎರಡು ಸಲವೂ ಕುಡಿದ.

ಪ್ರಜ್ಞೇಶ ಕೋವಿಗೆ ಎರಡು ತೋಟೆ ತುಂಬಿ ತಾತನ ಕೈಗಿಟ್ಟ. ಮುದುಕ ಅದನ್ನು ಲೋಕೇಶನಿಗೆ ಚಾಚಿದ.

"ಪುಟ್ಟನ ಮನೆಯವನೇ, ನಮ್ಮ ಮುಂದೆ ನಡಿ."

ಅಷ್ಟರಲ್ಲಿ ಕೆಳಗಿನ ತೋಟದಲ್ಲಿ ದೊಡ್ಡ ಕೊಂಬೆಯೊಂದು ಸಿಗಿದು ಬಿದ್ದ ಸದ್ದಾಯಿತು. ಅತಿಥಿಗಳು ಸಂತೋಷದಿಂದ ಕೂಗಿದರು. ಲೋಕೇಶ ಕೋವಿ ಹಿಡಿದು ಆ ಕಡೆಗೆ ತಿರುಗಿದ. ಜವರಿಗೆ ಇನ್ನು ತಡೆಯಲಾಗಲಿಲ್ಲ. ಎಲೆ ತುಳಿದುಕೊಂಡೇ ಮುದುಕನ ಮುಂದೆ ಹೋಗಿ ನಿಂತಳು.

"ದೊಡ್ಡಯ್ಯಾ, ಹುಲಿ ಎದುರಿಗಿತ್ತಲ್ಲ? ಗುಂಡು ಬೆನ್ನಿಗೆ ಹೆಂಗೆ ಬಿತ್ತು?"

ಫೋನುಗಳೆಲ್ಲ ಅವಳ ಕಡೆಗೆ ತಿರುಗಿದವು.

"ಕುಡ್ದಿದ್ದಾಳೆ ಮುಂಡೆ," ಪ್ರಜ್ಞೇಶ ಹಲ್ಲು ಕಡಿದ. "ರವಿ, ಎಳ್ಕೊಂಡ್ಹೋಗು."

ರವಿ ತುರುಬಿಗೆ ಕೈಹಾಕಿದ. ಜವರಿ ಮುದುಕನ ಕುರ್ಚಿಯ ಕಾಲು ತಬ್ಬಿ ಕೂತುಬಿಟ್ಟಳು. "ಏಳು ಚರೆ ದೊಡ್ಡಯ್ಯಾ! ಹೆಣ ತೊಳ್ದೋಳು ನನ್ನತ್ತೆ. ಬೆನ್ನಲ್ಲಿ ಏಳು ಚರೆ! ಯಾವ ಹುಲಿ ಕೋವಿ ಹೊಡೀತು ಹೇಳಿ!"

ನಾಣಯ್ಯ ಕುರ್ಚಿಯಿಂದ ಅರ್ಧ ಎದ್ದ.

"ಯಾರೇ... ಯಾರೇ ಹೇಳಿದ್ದು ನಿಂಗೆ? ಅಲ್ಲಿ ಅಪ್ಪ, ನಾನು ಬಿಟ್ರೆ ಒಂದು ನರಪಿಳ್ಳೆ ಇರ್ಲಿಲ್ಲ! ಗುಂಡಿನ ಚೀಲ ಹಿಡ್ಕೊಂಡು ನಾನೊಬ್ನೇ..."

ಪ್ರಜ್ಞೇಶನ ಕೈಯಲ್ಲಿದ್ದ ಮೈಕು ಅದನ್ನು ಅಂಗಳದ ತುಂಬಾ ಕೇಳಿಸಿತು.

"ಹತ್ತು ಜನ ಇದ್ರು ಅಂದ್ರಲ್ಲ?" ಅತಿಥಿಯೊಬ್ಬ ಕೇಳಿದ.

ಮುದುಕ ಅಳತೊಡಗಿದ. "ನಂಗೆ ಹನ್ನೊಂದು ವರ್ಷ. ಅಪ್ಪ ಕೈಮಡದ ಮುಂದೆ ಆಣೆ ಹಾಕ್ಸಿದ್ರು. ನಾನೇನು ಮಾಡ್ಲಿ? ಒಂದು ವರ್ಷ ತಪ್ಪಿಸ್ದೆ ಎಡೆ ಇಡ್ಸಿದ್ನಲ್ಲ! ಹಂದಿಮಾಂಸ ಇಡ್ಸಿದ್ನಲ್ಲ!"

ರವಿಯ ಕೈ ಜವರಿಯ ತುರುಬನ್ನು ತಾನಾಗಿಯೇ ಬಿಟ್ಟಿತು. ಅವಳು ಎದ್ದಳು. ಇನ್ನು ಮಗ ಕೋವಿ ಬಿಸಾಕುತ್ತಾನೆ, ಇಬ್ಬರೂ ಗೇಟು ದಾಟಿ ಹೋಗುತ್ತೇವೆ, ಎಲ್ಲಾದರೂ ಕೂಲಿ ಮಾಡಿಕೊಂಡು ಬದುಕುತ್ತೇವೆ ಎಂದುಕೊಂಡಳು. "ಬಾ ಮಗಾ," ಎಂದು ಕೈ ಚಾಚಿದಳು.

ಲೋಕೇಶ ಬಿಸಾಕಿದ್ದು ಕಂಬಳಿಯನ್ನು. ಬರಿಮೈಯಲ್ಲಿ, ಸಾರಾಯಿ ಒಣಗಿದ ಮುಖದಲ್ಲಿ, ಪ್ರಜ್ಞೇಶನನ್ನು ನೋಡುತ್ತ ನಿಂತಿದ್ದ.

"ಲೋಕೇಶ್, ಕೋವಿ ಕೊಡು," ಪ್ರಜ್ಞೇಶ ಮೆಲ್ಲಗೆ ಹೇಳಿದ. "ನಂಗೆ ಇದೆಲ್ಲ ಗೊತ್ತಿರ್ಲಿಲ್ಲ, ದೇವರಾಣೆ. ಒಳಗೆ ಕೂತು ಮಾತಾಡೋಣ."

"ಇಷ್ಟು ವರ್ಷ ಒಳಗೆ ಕೂರ್ಸಿಲ್ವಲ್ಲ ಅಯ್ಯಾ. ಗೆಸ್ಟ್ ಕಾಯ್ತಾವ್ರೆ. ನಡೀರಿ." ಕೋವಿಯ ಬಾಯಿ ಪ್ರಜ್ಞೇಶನ ಹೊಟ್ಟೆಗೆ ತಾಗಿತು. "ಇವತ್ತು ಮುಂದೆ ನೀವು."

"ಲೋಕಾ! ಬ್ಯಾಡ ಕಣೋ!" ಜವರಿ ಚೀರಿದಳು. "ಇದಕ್ಕಾ ನಾನು ಹೇಳಿದ್ದು? ನೀನು ಉಳೀಲಿ ಅಂತ ಕಣೋ ಹೇಳಿದ್ದು!"

ಅವನು ತಿರುಗಿ ನೋಡಲಿಲ್ಲ. "ನೀನು ಸುಮ್ನಿರವ್ವ. ಎಪ್ಪತ್ತು ವರ್ಷ ಸುಮ್ನಿದ್ರಲ್ಲ."

ಪ್ರಜ್ಞೇಶ ನಡೆದ. ಮೊದಲ ಹತ್ತು ಹೆಜ್ಜೆ ತಲೆ ತಿರುಗಿಸುತ್ತ ನಡೆದ, ಆಮೇಲೆ ನೇರ ನೋಡುತ್ತ ನಡೆದ. ಹಿಂದೆ ಲೋಕೇಶ. ಕಾಫಿಗಿಡಗಳು ಸೊಂಟದವರೆಗೆ, ಎದೆಯವರೆಗೆ, ತಲೆಯವರೆಗೆ ಇಬ್ಬರನ್ನೂ ಮುಚ್ಚಿಕೊಂಡವು. ಅತಿಥಿಗಳು ಕುರ್ಚಿ ಉರುಳಿಸಿಕೊಂಡು ಕಾರುಗಳ ಕಡೆಗೆ ಓಡಿದರು. ರವಿ ಯಾರಿಗೋ ಫೋನು ಮಾಡುತ್ತಿದ್ದ, ಸಿಗ್ನಲ್ ಸಿಗುತ್ತಿರಲಿಲ್ಲ.

ಅನುಪಮಾ ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದಳು. ಬಚ್ಚಲ ನೀರಿನ ಕೆಸರಿನಲ್ಲೇ ಜವರಿಯ ಪಕ್ಕ ನಿಂತು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮದುವೆಯಾಗಿ ಬಂದು ಒಂಬತ್ತು ವರ್ಷದಲ್ಲಿ ಅವಳು ಜವರಿಯನ್ನು ಮುಟ್ಟಿದ್ದು ಅದೇ ಮೊದಲು.

"ನಿನ್ನ ಮಗನ್ನ ಕರಿಯೇ ಜವರಿ. ನಿನ್ನ ಕಾಲಿಗೆ ಬೀಳ್ತೀನಿ. ನಂಗೆ ಎರಡು ಮಕ್ಕಳಿದ್ದಾವೆ ಕಣೇ. ಕರಿಯೇ, ಕರಿಯೇ..."

ಕೆಳಗೆ ಏನೋ ಲಟಕ್ಕೆಂದು ಮುರಿಯಿತು. ಆನೆಯೋ, ಮನುಷ್ಯರೋ ತಿಳಿಯಲಿಲ್ಲ.

"ಗಲಾಟೆ ಮಾಡ್ಬೇಡಿ ಅಮ್ಮಾವ್ರೆ," ಜವರಿ ಕೈ ಬಿಡಿಸಿಕೊಂಡು ಕತ್ತು ಮುಂದೆ ಚಾಚಿದಳು. "ಸದ್ದು ಕೇಳ್ಸಲ್ಲ."